ಅಮ್ಮನ ಆರೈಕೆ ವರ್ಷಗಟ್ಟಲೆ ಬೇಕಾಗಬಹುದು. ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡಲಿ?

ಹಿರಿಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 74. ಕಳೆದ ತಿಂಗಳು ಲಕ್ವ ಹೊಡೆಯಿತು. ಜೀವಕ್ಕೆ ಅಪಾಯ ಇಲ್ಲ ಅಂತ ಹೇಳಿ ಮನೆಗೆ ಕಳಿಸಿದ್ದಾರೆ. ಬಲಗೈಗೆ ಹಿಡಿತ ಇಲ್ಲ, ಬಲಗಾಲಿನ ಶಕ್ತಿ ಕಡಿಮೆ. ಎಡಗೈಯಲ್ಲಿ ನಾಲ್ಕು ಕಾಲಿನ ಕೋಲು ಹಿಡಿದು, ಪಕ್ಕದಲ್ಲಿ ಒಬ್ಬರು ಇದ್ದರೆ, ಹಾಸಿಗೆಯಿಂದ ಬಚ್ಚಲ ಬಾಗಿಲವರೆಗೆ ಬರುತ್ತಾರೆ. ಮಾತು ತೊದಲುತ್ತದೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು.

ಅಪ್ಪನಿಗೆ 79. ಅವರು ಓಡಾಡುತ್ತಾರೆ, ಊಟ ಸ್ನಾನ ಎಲ್ಲ ತಾವೇ ಮಾಡಿಕೊಳ್ಳುತ್ತಾರೆ. ಆದರೆ ಒಂದು ವರ್ಷದಿಂದ ಮರೆವು ಜಾಸ್ತಿ. ಮೊನ್ನೆ ಬೆಳಿಗ್ಗೆ ಅಮ್ಮನಿಗೆ ಬಿಪಿ ಮಾತ್ರೆ ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಕೊಡಲು ಬಂದಿದ್ದರು. ಅಮ್ಮನೇ ಬೇಡ ಅಂದರು. ಆವತ್ತಿನಿಂದ ಮಾತ್ರೆ ಡಬ್ಬಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ನಾವು ಮೂವರು ಮಕ್ಕಳು. ತಮ್ಮ ಬೇರೆ ದೇಶದಲ್ಲಿದ್ದಾನೆ, ತಂಗಿ ಬೇರೆ ಊರಲ್ಲಿ. ಅಪ್ಪ ಅಮ್ಮನ ಹತ್ತಿರ ಇರುವುದು ನಾನೊಬ್ಬಳೇ. ಕೆಲಸಕ್ಕೂ ಹೋಗಬೇಕು. ರಾತ್ರಿ ಅಮ್ಮನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಲು ಏಳುತ್ತೇನೆ, ಕಂಕುಳಿಗೆ ಕೈ ಹಾಕಿ ಎಬ್ಬಿಸುತ್ತೇನೆ. ನನ್ನ ಸೊಂಟ ಈಗಲೇ ಹಿಡಿದಿದೆ.

ಆರೋಗ್ಯ ವಿಮೆ ಇದೆ, ಆಸ್ಪತ್ರೆ ಬಿಲ್ ಬಹುಪಾಲು ಕಟ್ಟಿತು. ಮನೆಯಲ್ಲಿ ಆರೈಕೆಗೆ ಜನ ಇಟ್ಟರೆ ಅದು ಬರುವುದಿಲ್ಲ ಅಂದರು. ಹಾಗಾದರೆ ಇದಕ್ಕೆಲ್ಲ ಜನ ಹೇಗೆ ಹಣ ಹೊಂದಿಸುತ್ತಾರೆ? ಮನೆಗೆ ಜನ ಇಡುವುದಾ, ಆರೈಕೆ ಕೇಂದ್ರ ನೋಡುವುದಾ? ಎಷ್ಟು ವರ್ಷಕ್ಕೆ ಅಂತ ಎತ್ತಿಡಬೇಕು? ತಮ್ಮ ಫೋನಿನಲ್ಲಿ "ತಿಂಗಳಿಗೆ ಎಷ್ಟು ಬೇಕು ಹೇಳಕ್ಕ, ಕಳಿಸ್ತೀನಿ" ಅಂತಾನೆ. ಅವನಿಗೆ ಹೇಳಲು ನನ್ನ ಹತ್ತಿರ ಒಂದು ಅಂಕಿಯೇ ಇಲ್ಲ. ಅನುಭವ ಇರುವವರು ದಾರಿ ತೋರಿಸಿ.

---

ವಾರ್ಡ್_ಸಿಸ್ಟರ್:

ಹಿರಿಮಗಳು ಅವರೇ, ನಾನು ನರ್ಸ್. ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ವರ್ಷ ಇದ್ದೆ. ಈಗ ಮನೆಗಳಿಗೆ ಹೋಗಿ, ಯಾರಿಗೆ ಎಂಥ ಆರೈಕೆ ಬೇಕು ಅಂತ ನೋಡಿ ಹೇಳುವ ಕೆಲಸ ಮಾಡುತ್ತೇನೆ.

ಹಣದ ಮಾತಿಗೆ ಮುಂಚೆ ಒಂದು ವಿಷಯ, ಇದನ್ನು ಇವತ್ತೇ ಬದಲಿಸಿ. ಲಕ್ವ ಆದವರನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಶಕ್ತಿ ಇಲ್ಲದ ಕೈ ಹಿಡಿದು ಎಳೆಯಲೂ ಬೇಡಿ. ಸ್ನಾಯುಗಳ ಹಿಡಿತ ಸಡಿಲ ಆಗಿರುವುದರಿಂದ ಆ ಭುಜ ಕೀಲಿನಿಂದ ಜಾರುತ್ತದೆ. ಆಮೇಲೆ ಆ ನೋವಿಗೇ ಫಿಸಿಯೋ ನಿಂತುಹೋಗುತ್ತದೆ. ಕುರ್ಚಿಯನ್ನು ಅಮ್ಮನ ಎಡಗಡೆ, ಅಂದರೆ ಶಕ್ತಿ ಇರುವ ಕಡೆ ಇಡಿ. ಅವರು ಹಾಸಿಗೆಯ ಅಂಚಿಗೆ ಜರುಗಿ ಕೂರಬೇಕು, ಎರಡೂ ಪಾದ ನೆಲಕ್ಕೆ ಊರಬೇಕು. ಮೂಗು ಕಾಲ್ಬೆರಳಿಗಿಂತ ಮುಂದೆ ಬರುವಷ್ಟು ಬಾಗಲು ಹೇಳಿ. ಆಗ ಸೊಂಟ ತಾನಾಗೇ ಮೇಲೇಳುತ್ತದೆ. ನೀವು ಅಮ್ಮನ ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟ್ ಹಿಡಿದು ಜೊತೆ ಕೊಟ್ಟರೆ ಸಾಕು. ಫಿಸಿಯೋ ಬಂದಾಗ ಇದನ್ನು ನಿಮ್ಮ ಕೈಯಲ್ಲೇ ಮಾಡಿಸಿ ತೋರಿಸಲು ಹೇಳಿ. ನಿಮ್ಮ ಸೊಂಟವೂ ಉಳಿಯುತ್ತದೆ.

ಇನ್ನೊಂದು. ಮಾತು ತೊದಲುತ್ತದೆ ಅಂದಿರಿ. ನುಂಗುವುದನ್ನೂ ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ನೀರು ಕುಡಿಯುವಾಗ ಕೆಮ್ಮು ಬರುವುದು, ಕುಡಿದ ಮೇಲೆ ದನಿ ಗೊರಗೊರ ಅನ್ನುವುದು ಇದ್ದರೆ ತಡ ಮಾಡಬೇಡಿ. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಜನ ಮತ್ತೆ ಆಸ್ಪತ್ರೆ ಸೇರುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. "ತಿಂಗಳಿಗೆ ಎಷ್ಟು" ಅನ್ನುವ ಅಂಕಿಯನ್ನು ಮೊದಲು ಹುಡುಕಬೇಡಿ. ಮೊದಲು ಗಂಟೆ ಲೆಕ್ಕ ಹಾಕಿ. ಹಣದ ಅಂಕಿ ಅದರಿಂದಲೇ ಹೊರಡುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ಅಮ್ಮನಿಗೆ ಯಾವ ಹೊತ್ತಲ್ಲಿ ಯಾವ ಸಹಾಯ ಬೇಕಾಯಿತು, ಎಷ್ಟು ನಿಮಿಷ ಹಿಡಿಯಿತು ಬರೆಯಿರಿ. ಏನನ್ನು ಬರೆಯಬೇಕು ಅನ್ನುವುದಕ್ಕೆ ಹಳೆಯ, ಗಟ್ಟಿಯಾದ ಪಟ್ಟಿ ಇದೆ. ಸಿಡ್ನಿ ಕಾಟ್ಜ್ ಅನ್ನುವ ವೈದ್ಯರು ಮತ್ತು ಅವರ ಜೊತೆಯವರು 1963ರಲ್ಲಿ ಕೊಟ್ಟದ್ದು. ಅದರಲ್ಲಿ ಆರು ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟವನ್ನು ಬಾಯಿಗೆ ತೆಗೆದುಕೊಳ್ಳುವುದು. ಇವತ್ತಿಗೂ ಎಷ್ಟೋ ದೇಶಗಳ ಆರೈಕೆ ವಿಮೆ ಇದೇ ಆರನ್ನು, ಇಲ್ಲವೇ ಇದಕ್ಕೆ ಹತ್ತಿರದ್ದನ್ನು ನೋಡುತ್ತದೆ.

ಅಪ್ಪನಿಗೆ ಈ ಪಟ್ಟಿ ಸಾಲದು. ಅವರು ಆರರಲ್ಲೂ ಪಾಸಾಗುತ್ತಾರೆ. ಅವರಿಗೆ ಲಾಟನ್ ಮತ್ತು ಬ್ರಾಡಿ ಅನ್ನುವ ಸಂಶೋಧಕರು 1969ರಲ್ಲಿ ಮಾಡಿದ ಇನ್ನೊಂದು ಪಟ್ಟಿ ಬೇಕು: ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಹೊರಗಿನ ಓಡಾಟ, ಮಾತ್ರೆ ನೋಡಿಕೊಳ್ಳುವುದು, ಹಣಕಾಸು. ಮರೆವು ಮೊದಲು ತಲೆ ಹಾಕುವುದು ಇಲ್ಲೇ. ಮಾತ್ರೆ ವಿಷಯದಲ್ಲಿ ನಿಮಗೆ ಅದು ಕಾಣಿಸಿಯೇ ಬಿಟ್ಟಿದೆ.

ಬರೆಯುವಾಗ ಎರಡು ಬಗೆಯ ಗಂಟೆಗಳನ್ನು ಬೇರೆ ಮಾಡಿ. ಒಂದು, ಕೈ ಹಾಕುವ ಗಂಟೆ: ಸ್ನಾನ ಮಾಡಿಸುವುದು, ಎಬ್ಬಿಸುವುದು, ಬಟ್ಟೆ ಹಾಕುವುದು. ಇನ್ನೊಂದು, ಕಣ್ಣಿಡುವ ಗಂಟೆ: ಕೆಲಸ ಏನೂ ಇರುವುದಿಲ್ಲ, ಆದರೆ ಒಬ್ಬರು ಮನೆಯಲ್ಲಿ ಇರಲೇಬೇಕು. ಜನ ಮೊದಲನೆಯದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಹಣ ಹೆಚ್ಚು ಹೋಗುವುದು ಎರಡನೆಯದಕ್ಕೆ. ಅಮ್ಮನಿಗೆ ಈಗ ಕೈ ಹಾಕುವ ಗಂಟೆ ಜಾಸ್ತಿ. ಅಪ್ಪನ ಮರೆವು ಬೆಳೆದರೆ ಅವರಿಗೆ ಕಣ್ಣಿಡುವ ಗಂಟೆ ಜಾಸ್ತಿ ಆಗುತ್ತದೆ. ಗ್ಯಾಸ್ ಹಚ್ಚಿ ಮರೆಯುವವರನ್ನು ಒಂಟಿಯಾಗಿ ಬಿಡಲು ಆಗುವುದಿಲ್ಲ ಅಲ್ವಾ?

ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಕೆಲಸ ಮಾಡಿದರೂ ಹಗಲು ರಾತ್ರಿ ತುಂಬಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ಕು. ಮನೆಯಲ್ಲೇ ಉಳಿಯುವ ಒಬ್ಬರನ್ನು ಇಟ್ಟು "24 ಗಂಟೆಯ ಆಳು" ಅನ್ನುತ್ತಾರೆ. ಅವರೂ ಮನುಷ್ಯರು, ಮಲಗಬೇಕು. ರಾತ್ರಿ ನಾಲ್ಕು ಸಲ ಎದ್ದವರ ಕೈಯಲ್ಲಿ ಬೆಳಿಗ್ಗೆ ಅಮ್ಮನನ್ನು ಬಚ್ಚಲಲ್ಲಿ ನಿಲ್ಲಿಸಿದರೆ ಬೀಳುವವರು ಇಬ್ಬರೂ.

ಯಾವ ಕೆಲಸಕ್ಕೆ ಯಾರು ಬೇಕು ಅನ್ನುವುದರಲ್ಲೇ ಬಹಳ ಹಣ ಉಳಿಯುತ್ತದೆ. ಗಾಯದ ಡ್ರೆಸಿಂಗ್, ಇಂಜೆಕ್ಷನ್, ಮೂಗಿನ ಕೊಳವೆ, ಮೂತ್ರದ ಕೊಳವೆ, ಇವು ಓದಿದ ನರ್ಸ್ ಕೆಲಸ. ಸ್ನಾನ, ಬಟ್ಟೆ, ಊಟ, ನಡೆಸುವುದಕ್ಕೆ ತರಬೇತಿ ಇರುವ ಅಟೆಂಡರ್ ಸಾಕು. ನಿಮ್ಮ ಅಮ್ಮನಿಗೆ ಸದ್ಯ ನರ್ಸ್ ಬೇಡ. ಫಿಸಿಯೋ ಬೇಕು, ಅಟೆಂಡರ್ ಬೇಕು. ನರ್ಸ್ ದರ ಕೊಟ್ಟು ಅಟೆಂಡರ್ ಕೆಲಸ ಮಾಡಿಸುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಹಣ ಫಿಸಿಯೋಗೆ ಹೋಗಬೇಕಿತ್ತು. ಏಜೆನ್ಸಿಯವರನ್ನು ಕೇಳುವಾಗ ಬರುವವರ ಓದು ಏನು, ಲಕ್ವ ಆದವರನ್ನು ಮೊದಲು ನೋಡಿಕೊಂಡಿದ್ದಾರಾ, ಅವರು ಬಾರದ ದಿನ ಬದಲಿ ಯಾರು, ಈ ಮೂರನ್ನು ಬಿಡದೆ ಕೇಳಿ.

ಲಕ್ವದ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಜೋರು. ಆಮೇಲೂ ಆಗುತ್ತದೆ, ನಿಧಾನವಾಗಿ. ಆದ್ದರಿಂದ ಈಗಿನ ಸ್ಥಿತಿ ನೋಡಿ ವರ್ಷದ ಕರಾರು ಮಾಡಬೇಡಿ, ದೊಡ್ಡ ಡೆಪಾಸಿಟ್ ಕಟ್ಟಬೇಡಿ. ಮೂರು ತಿಂಗಳು ಬಿಟ್ಟು ಅದೇ ಆರು ಕೆಲಸದ ಪಟ್ಟಿಯನ್ನು ಮತ್ತೆ ಬರೆಯಿರಿ. ಈ ಮೂರು ತಿಂಗಳಲ್ಲಿ ಫಿಸಿಯೋಗೆ ಕೊಟ್ಟದ್ದು ಮುಂದಿನ ವರ್ಷಗಳ ಅಟೆಂಡರ್ ಗಂಟೆಗಳನ್ನು ಕಡಿಮೆ ಮಾಡಬಲ್ಲದು.

ಅಪ್ಪನನ್ನು ಡಾಕ್ಟರಿಗೆ ತೋರಿಸಿ. ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ. ಥೈರಾಯ್ಡ್ ಕಡಿಮೆ ಆದರೂ ಮರೆವು ಬರುತ್ತದೆ, ಬಿ12 ಕಡಿಮೆ ಆದರೂ ಬರುತ್ತದೆ, ಖಿನ್ನತೆಯಿಂದಲೂ ಬರುತ್ತದೆ, ಕೆಲವು ಮಾತ್ರೆಗಳಿಂದಲೂ ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಡಿಮೆನ್ಷಿಯಾ, ಅಂದರೆ ಬೆಳೆಯುತ್ತಾ ಹೋಗುವ ಮರೆವಿನ ಕಾಯಿಲೆ, ಅಂತಲೇ ಗೊತ್ತಾದರೂ ಬೇಗ ಗೊತ್ತಾಗುವುದು ಒಳ್ಳೆಯದು. ಕಾಗದಪತ್ರದ ಕೆಲಸ ಆಗಲೇ ಮುಗಿಸಬೇಕು.

---

ಜಮಾ_ಖರ್ಚು:

ಸಿಸ್ಟರ್ ಹೇಳಿದ ಗಂಟೆ ಲೆಕ್ಕ ಆದ ಮೇಲೆ ನನ್ನ ಭಾಗ. ನಾನು ಅಕೌಂಟ್ಸ್ ಕೆಲಸದವನು. ನನ್ನ ಮಾವನವರ ಆರೈಕೆಯ ಲೆಕ್ಕವನ್ನೂ ನಾನೇ ಬರೆಯುತ್ತಿದ್ದೆ.

ಮೊದಲು ವಿಮೆ. ಆರೋಗ್ಯ ವಿಮೆ ಇರುವುದು ಚಿಕಿತ್ಸೆಗೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಜೊತೆಗಿರುವುದು ಅದರ ಲೆಕ್ಕದಲ್ಲಿ ಚಿಕಿತ್ಸೆ ಅಲ್ಲ. ನಿಮ್ಮೊಬ್ಬರಿಗೇ ಹೀಗಾಗಿದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹಿರಿಯರಿಗಾಗಿ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಇದೆ. ಅದು ಕೂಡ ಮೂರು ದಿನ ಆಸ್ಪತ್ರೆಯಲ್ಲಿ ಇದ್ದು ಬಂದವರಿಗೆ, ನುರಿತ ನರ್ಸಿಂಗ್ ಬೇಕಿದ್ದರೆ ಮಾತ್ರ, ಹೆಚ್ಚೆಂದರೆ 100 ದಿನ ಕೊಡುತ್ತದೆ. ಪೂರ್ತಿ ಕಟ್ಟುವುದು ಮೊದಲ 20 ದಿನಕ್ಕೆ. ಬರೀ ದಿನನಿತ್ಯದ ಆರೈಕೆಗೆ ಅದರಲ್ಲಿ ಏನೂ ಇಲ್ಲ.

ಅದಕ್ಕೇ ಕೆಲವು ದೇಶಗಳು ಆರೈಕೆಗೆಂದೇ ಬೇರೆ ವಿಮೆ ಮಾಡಿದವು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ, ದಕ್ಷಿಣ ಕೊರಿಯಾ 2008ರಲ್ಲಿ. ಜಪಾನಿನಲ್ಲಿ 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಆರೈಕೆ ಬೇಕಾದಾಗ ಬಹುಪಾಲು ಜನ ತಾವು ಕೊಡುವುದು ಖರ್ಚಿನ 10% ಮಾತ್ರ, ವರಮಾನ ಜಾಸ್ತಿ ಇದ್ದವರು 20% ಅಥವಾ 30%. ಜರ್ಮನಿಯಲ್ಲಿ ಮನೆಯವರೇ ನೋಡಿಕೊಂಡರೂ ತಿಂಗಳಿಗೆ ಇಷ್ಟು ಅಂತ ನಗದು ಸಿಗುತ್ತದೆ. ಇದು ನನಗೆ ಬಹಳ ಸರಿ ಅನ್ನಿಸುತ್ತದೆ. ಮಗಳು ಮಾಡಿದರೆ ಅದು ಕೆಲಸ ಅಲ್ಲ ಅನ್ನುವ ನಂಬಿಕೆಯನ್ನು ಒಂದು ಸರ್ಕಾರ ಕಾನೂನಿನಲ್ಲೇ ಬಿಟ್ಟುಕೊಟ್ಟಿದೆ.

ನೀವಿರುವ ಕಡೆ ಇಂಥದ್ದು ಇದೆಯಾ, ತೆರಿಗೆ ರಿಯಾಯಿತಿ ಅಥವಾ ಭತ್ಯೆ ಇದೆಯಾ ವಿಚಾರಿಸಿ. ಖಾಸಗಿ ಆರೈಕೆ ಪಾಲಿಸಿ ಅಮ್ಮನಿಗೆ ಈಗ ಸಿಗುವುದು ಕಷ್ಟ, ಲಕ್ವ ಆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ನೀವು ಮೂವರು ನಿಮಗಾಗಿ ಯೋಚನೆ ಮಾಡಬಹುದು. ಅಂಥ ಪಾಲಿಸಿಯಲ್ಲಿ ನಾಲ್ಕು ಕಡೆ ಕಣ್ಣಿಡಿ. ಆರು ಕೆಲಸಗಳಲ್ಲಿ ಎಷ್ಟು ಮಾಡಲು ಆಗದಿದ್ದರೆ ಹಣ ಶುರುವಾಗುತ್ತದೆ? ಅಮೆರಿಕದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಎರಡು, ಸಿಂಗಾಪುರದ ಕೇರ್‌ಶೀಲ್ಡ್ ಲೈಫ್ ಅನ್ನುವ ಸರ್ಕಾರಿ ಆರೈಕೆ ವಿಮೆಯಲ್ಲಿ ಮೂರು. ಕಾಯುವ ಅವಧಿ ಎಷ್ಟು ದಿನ, ಅಷ್ಟು ದಿನ ಕೈಯಿಂದ ಹಾಕಬೇಕು. ಎಷ್ಟು ವರ್ಷ ಕೊಡುತ್ತಾರೆ? ಬೆಲೆ ಏರಿದ ಹಾಗೆ ಕೊಡುವ ಮೊತ್ತವೂ ಏರುತ್ತದಾ? ಕೊನೆಯದು ಇಲ್ಲದಿದ್ದರೆ ಇಪ್ಪತ್ತು ವರ್ಷ ಬಿಟ್ಟು ಸಿಗುವ ಹಣಕ್ಕೆ ಬೆಲೆಯೇ ಇರುವುದಿಲ್ಲ.

ಎಷ್ಟು ವರ್ಷ ಅಂತ ಕೇಳಿದಿರಿ. ಒಬ್ಬರ ವಿಷಯದಲ್ಲಿ ಯಾರೂ ಹೇಳಲಾರರು. ಅಂದಾಜಿಗೆ, ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಇವತ್ತು 65 ತುಂಬುವವರಲ್ಲಿ ಸುಮಾರು 70% ಜನಕ್ಕೆ ಮುಂದೆ ಯಾವುದಾದರೂ ಬಗೆಯ ಆರೈಕೆ ಬೇಕಾಗುತ್ತದೆ. ಸರಾಸರಿ ಹೆಂಗಸರಿಗೆ 3.7 ವರ್ಷ, ಗಂಡಸರಿಗೆ 2.2 ವರ್ಷ. ಐದು ಜನರಲ್ಲಿ ಒಬ್ಬರಿಗೆ ಐದು ವರ್ಷಕ್ಕಿಂತ ಜಾಸ್ತಿ. ಹಾಗಾಗಿ ನಾನು ಐದು ವರ್ಷಕ್ಕೆ ಲೆಕ್ಕ ಹಾಕಿ ಅನ್ನುತ್ತೇನೆ, ಹತ್ತು ವರ್ಷ ಆದರೆ ಏನು ಮಾಡುವುದು ಅಂತಲೂ ಒಂದು ಸಾಲು ಬರೆದಿಡಿ ಅನ್ನುತ್ತೇನೆ.

ಈಗ ಒಂದು ಲೆಕ್ಕ ತೋರಿಸುತ್ತೇನೆ. ಅಪ್ಪ ಅಮ್ಮನ ತಿಂಗಳ ಒಟ್ಟು ಖರ್ಚು, ಆರೈಕೆ ಸೇರಿ, 100 ಅಂತ ಇಟ್ಟುಕೊಳ್ಳಿ. ಪಿಂಚಣಿ, ಬಡ್ಡಿ, ಬಾಡಿಗೆ ಎಲ್ಲ ಸೇರಿ ಅವರ ವರಮಾನ 55. ಕೊರತೆ 45. ಕೂಡಿಟ್ಟದ್ದು 2,700. ಭಾಗಿಸಿದರೆ 60 ತಿಂಗಳು, ಐದು ವರ್ಷ ಆರಾಮ ಅನ್ನಿಸುತ್ತದೆ. ಆದರೆ ಖರ್ಚು ವರ್ಷಕ್ಕೆ 8% ಏರಿ, ವರಮಾನ 55ರಲ್ಲೇ ನಿಂತರೆ? ಎರಡನೇ ವರ್ಷ ಕೊರತೆ 53, ಮೂರನೇ ವರ್ಷ ಸುಮಾರು 62, ನಾಲ್ಕನೇ ವರ್ಷ 71. ಹಣ 47ನೇ ತಿಂಗಳಿಗೆ ಖಾಲಿ. ಖರ್ಚು ಏರಿದ್ದು 8%, ಕೊರತೆ ಏರಿದ್ದು ಅದರ ಎರಡರಷ್ಟು ವೇಗದಲ್ಲಿ. ಎಲ್ಲರೂ ಎಡವುವುದು ಈ ಜಾಗದಲ್ಲಿ. ನಿಮ್ಮ ಅಂಕಿ ಹಾಕಿ ಒಂದು ಸಲ ಕೂತು ಮಾಡಿ.

ಖರ್ಚಿನ ಪಟ್ಟಿಯಲ್ಲಿ ಅಟೆಂಡರ್ ಸಂಬಳ ಬರೆದು ಮುಗಿಸಬೇಡಿ. ಡೈಪರ್, ಕೈಗವಸು, ಹಾಸಿಗೆ ಮೇಲಿನ ಶೀಟು, ಬಟ್ಟೆ ಒಗೆಯುವ ಹೆಚ್ಚಿನ ನೀರು ಕರೆಂಟು, ಫಿಸಿಯೋ, ಡಾಕ್ಟರ ಭೇಟಿಗೆ ಗಾಡಿ, ಅಟೆಂಡರ್ ಊಟ, ರಜೆ ದಿನದ ಬದಲಿ. ಇವೆಲ್ಲ ಚಿಲ್ಲರೆ ಅನ್ನಿಸುತ್ತವೆ, ತಿಂಗಳ ಕೊನೆಗೆ ಚಿಲ್ಲರೆಯಾಗಿ ಉಳಿಯುವುದಿಲ್ಲ. ಒಂದೇ ಸಲ ಮಾಡುವ ಖರ್ಚು ಬೇರೆ ಬರೆಯಿರಿ: ಬಚ್ಚಲ ಹಿಡಿಕಂಬಿ, ಜಾರದ ನೆಲ, ಎತ್ತರದ ಕಮೋಡ್, ಗಾಲಿಕುರ್ಚಿ. ಕೆಲವನ್ನು ಬಾಡಿಗೆಗೂ ತರಬಹುದು.

ಕಾಗದಪತ್ರ. ಅಮ್ಮನ ಬುದ್ಧಿ ಚುರುಕಾಗಿದೆ ಅಂದಿರಿ, ಅಪ್ಪನಿಗೂ ಈಗಿನ್ನೂ ತಿಳಿವಳಿಕೆ ಇದೆ. ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ, ನಾಮಿನಿ ಯಾರು, ಉಯಿಲು ಇದೆಯಾ ನೋಡಿ. ಅಮ್ಮನ ಬಲಗೈ ಸಹಿ ಈಗ ಆಗುವುದಿಲ್ಲ, ಬ್ಯಾಂಕಿಗೆ ಅದನ್ನು ಮೊದಲೇ ತಿಳಿಸಿ ಬದಲಿ ಸಹಿ ಅಥವಾ ಹೆಬ್ಬೆಟ್ಟು ದಾಖಲಿಸಿ. ಪವರ್ ಆಫ್ ಅಟಾರ್ನಿ ಮಾಡುವುದಿದ್ದರೆ ವಕೀಲರನ್ನು ಒಂದು ಪ್ರಶ್ನೆ ಕೇಳಿ: ಬರೆದುಕೊಟ್ಟವರ ತಿಳಿವಳಿಕೆ ಹೋದ ಮೇಲೂ ಇದು ನಡೆಯುತ್ತದಾ? ಎಷ್ಟೋ ದೇಶಗಳಲ್ಲಿ ಸಾಮಾನ್ಯ ಅಧಿಕಾರಪತ್ರ ಅಲ್ಲಿಗೇ ರದ್ದಾಗುತ್ತದೆ. ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ.

---

ಹಿರಿಮಗಳು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ನೋಟ್‌ಬುಕ್ ಶುರು ಮಾಡಿದ್ದೇನೆ. ಅಮ್ಮನೇ ಆಸಕ್ತಿಯಿಂದ "ಇದನ್ನೂ ಬರಿ" ಅಂತ ಹೇಳುತ್ತಿದ್ದಾರೆ. ಆರು ಕೆಲಸಗಳಲ್ಲಿ ನಾಲ್ಕಕ್ಕೆ ಜನ ಬೇಕು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು. ಊಟ ಎಡಗೈಯಲ್ಲಿ ಚಮಚ ಹಿಡಿದು ತಾವೇ ಮಾಡುತ್ತಾರೆ. ನೀರು ಕುಡಿಯುವಾಗ ಒಂದೆರಡು ಸಲ ಕೆಮ್ಮಿದ್ದು ಕಂಡಿತು, ನಾಳೆಗೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ ಸಿಸ್ಟರ್.

ಎರಡು ತೊಡಕು ಉಳಿದಿವೆ. ಅಪ್ಪನಿಗೆ ಹೊರಗಿನವರು ಮನೆಗೆ ಬರುವುದು ಇಷ್ಟ ಇಲ್ಲ. "ನಾನಿಲ್ಲವಾ?" ಅಂತಾರೆ. ಇನ್ನೊಂದು, ತಂಗಿ ಹೇಳುತ್ತಾಳೆ, "ನೀನು ಕೆಲಸ ಬಿಟ್ಟುಬಿಡಕ್ಕ, ನಾವಿಬ್ಬರೂ ಸೇರಿ ಅಟೆಂಡರ್‌ಗೆ ಕೊಡೋದನ್ನ ನಿನಗೇ ಕೊಡ್ತೀವಿ." ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನನಗೆ ಏನು ಹೇಳಬೇಕೋ ತೋಚಲಿಲ್ಲ.

---

ಮನೆಯಲ್ಲೇ_ಇದ್ದೆ:

ಅಕ್ಕ, ಕೆಲಸ ಬಿಡುವ ಮಾತಿಗೆ ಈಗಲೇ ಹೂಂ ಅನ್ನಬೇಡಿ. ನಾನು ನಮ್ಮ ತಂದೆಗಾಗಿ ಕೆಲಸ ಬಿಟ್ಟವನು. ಅದರ ಬಗ್ಗೆ ನನಗೆ ಬೇಸರ ಇಲ್ಲ, ಅವರ ಜೊತೆ ಇದ್ದೆ ಅನ್ನುವ ಸಮಾಧಾನ ಇದೆ. ಆದರೆ ಅದರ ಬೆಲೆ ಏನು ಅಂತ ಗೊತ್ತಿದ್ದು ಬಿಡಬೇಕು.

ಅಟೆಂಡರ್ ಸಂಬಳ ಕೊಟ್ಟರೆ ನಿಮ್ಮ ಸಂಬಳ ಭರ್ತಿ ಆಗುವುದಿಲ್ಲ. ನಿವೃತ್ತಿಗೆ ಸೇರುತ್ತಿದ್ದ ಹಣ ನಿಲ್ಲುತ್ತದೆ. ಆಫೀಸಿನ ಆರೋಗ್ಯ ವಿಮೆ ಇದ್ದರೆ ಹೋಗುತ್ತದೆ. ನಾಲ್ಕು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕುವಾಗ ಹಳೆಯ ಸಂಬಳ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸಿಸ್ಟರ್ ಹೇಳಿದ 168 ಗಂಟೆಯಲ್ಲಿ ಅಟೆಂಡರ್ ಕೊಡುವುದು 48, ನಿಮ್ಮಿಂದ ಕೇಳುವುದು 168. ತಂಗಿಗೆ ಕೋಪ ಮಾಡದೆ ಈ ಅಂಕಿಯನ್ನೇ ತೋರಿಸಿ. ಅವರಿಗೆ ಗೊತ್ತಿಲ್ಲ ಅಷ್ಟೆ. ದೂರ ಇರುವವರ ಕಣ್ಣಿಗೆ ಗಂಟೆಗಳು ಬೀಳುವುದಿಲ್ಲ.

ಮೂವರೂ ಒಂದು ಸಲ ವಿಡಿಯೋ ಕಾಲಿನಲ್ಲಿ ಕೂತು ಬರೆದುಕೊಳ್ಳಿ. ಹಣ ಕಳಿಸುವುದು ಮಾತ್ರ ಪಾಲು ಅಲ್ಲ. ವಿಮೆ ಕಂಪನಿ ಜೊತೆ ಮಾತಾಡುವುದು, ಮಾತ್ರೆ ಆರ್ಡರ್ ಮಾಡುವುದು, ಅಟೆಂಡರ್ ಬಾರದ ದಿನ ಏಜೆನ್ಸಿಗೆ ಫೋನ್ ಮಾಡುವುದು, ತಿಂಗಳ ಲೆಕ್ಕ ಬರೆಯುವುದು, ಇದನ್ನೆಲ್ಲ ಬೇರೆ ದೇಶದಲ್ಲಿ ಕೂತೂ ಮಾಡಬಹುದು. ತಮ್ಮನಿಗೆ ಇದನ್ನು ಪೂರ್ತಿ ವಹಿಸಿಕೊಡಿ. ತಂಗಿ ವರ್ಷದಲ್ಲಿ ಇಂತಿಷ್ಟು ವಾರ ಬಂದು ನಿಲ್ಲಲಿ, ಆ ವಾರ ನೀವು ಮನೆಯಲ್ಲಿ ಇರಬೇಡಿ, ಹೊರಗೆ ಹೋಗಿ. ಜೊತೆಯಲ್ಲೇ ಇದ್ದರೆ ಅದು ವಿಶ್ರಾಂತಿ ಆಗುವುದಿಲ್ಲ. ಕೆಲವು ಆರೈಕೆ ಕೇಂದ್ರಗಳಲ್ಲಿ ವಾರ ಹದಿನೈದು ದಿನಕ್ಕೂ ಇಟ್ಟುಕೊಳ್ಳುತ್ತಾರೆ. ಅದನ್ನೂ ವರ್ಷದ ಖರ್ಚಿನಲ್ಲಿ ಬರೆಯಿರಿ. ದುಂದು ಅಂತ ಯಾರಾದರೂ ಅಂದರೆ ಅನ್ನಲಿ. ನೀವು ಹಾಸಿಗೆ ಹಿಡಿದರೆ ಇಬ್ಬರ ಆರೈಕೆ ಮೂವರದ್ದಾಗುತ್ತದೆ.

ಅಪ್ಪನ ವಿಷಯ. ಅಮ್ಮನಿಗಾಗಿ ಒಬ್ಬರು ಬರುತ್ತಾರೆ ಅಂದರೆ ಅವರಿಗೆ ತಾನು ಸಾಲದು ಅಂದ ಹಾಗೆ ಕೇಳಿಸುತ್ತದೆ. ನಮ್ಮ ತಂದೆಗೂ ಹಾಗೇ ಆಗಿತ್ತು. ಮೊದಲು ದಿನಕ್ಕೆ ಎರಡು ಗಂಟೆ, ಬೆಳಗಿನ ಸ್ನಾನಕ್ಕೆ ಮಾತ್ರ ಕರೆಸಿ. ಬರುವವರಿಗೆ ಮನೆ ತೋರಿಸುವುದು, ಏನೆಲ್ಲಿದೆ ಹೇಳುವುದು ಅಪ್ಪನ ಕೆಲಸ ಆಗಲಿ. ಅಮ್ಮ ಫಿಸಿಯೋ ಮಾಡುವಾಗ ಎಣಿಸುವುದೂ ಅವರೇ ಮಾಡಲಿ. ನಿಜವಾಗಿ ಉಪಯೋಗ ಇರುವ ಕೆಲಸ ಕೊಡಿ, ಸುಮ್ನೆ ಕೂರಿಸಲು ಕೊಟ್ಟದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮಾತ್ರೆ ಮಾತ್ರ ಬೇಡ. ಹೊತ್ತು ಹೊತ್ತಿಗೆ ಬೇರೆ ಗೂಡು ಇರುವ ಡಬ್ಬಿ ತಂದು ವಾರಕ್ಕೊಮ್ಮೆ ನೀವೇ ತುಂಬಿ.

---

ವಾರ್ಡ್_ಸಿಸ್ಟರ್:

ನುಂಗುವ ಪರೀಕ್ಷೆಗೆ ಹೊರಟಿದ್ದು ಒಳ್ಳೆಯದಾಯಿತು. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಸಣ್ಣ ಗುಟುಕು, ಒಂದು ನುಂಗಿದ ಮೇಲೆ ಇನ್ನೊಂದು. ಮಲಗಿಸಿಕೊಂಡು ಏನೂ ಕುಡಿಸಬೇಡಿ.

ಆರೈಕೆ ಕೇಂದ್ರದ ಬಗ್ಗೆ ಕೇಳಿದ್ದಿರಿ, ಯಾರೂ ಪೂರ್ತಿ ಹೇಳಲಿಲ್ಲ. ಈಗ ಬೇಡ ಅನ್ನಿಸಿದರೂ ಒಂದೆರಡು ನೋಡಿ ಇಟ್ಟುಕೊಳ್ಳಿ. ಆಸ್ಪತ್ರೆಯವರು ನಾಳೆ ಡಿಸ್ಚಾರ್ಜ್ ಅಂದ ದಿನ ಹುಡುಕಲು ಹೊರಟರೆ ಖಾಲಿ ಇದ್ದದ್ದಕ್ಕೆ ಒಪ್ಪಬೇಕಾಗುತ್ತದೆ. ಹಗಲು ಕರೆದು ತೋರಿಸುವಾಗ ಎಲ್ಲ ಚೆನ್ನಾಗೇ ಇರುತ್ತದೆ. ಸಂಜೆ ಊಟದ ಹೊತ್ತಿಗೆ ಇನ್ನೊಂದು ಸಲ ಹೋಗಿ. ತಾವೇ ಊಟ ಮಾಡಲಾಗದವರ ಪಕ್ಕ ಯಾರಾದರೂ ಕೂತಿದ್ದಾರಾ, ಇಲ್ಲ ತಟ್ಟೆ ಇಟ್ಟು ಹೋಗಿದ್ದಾರಾ ನೋಡಿ. ಕರೆಗಂಟೆ ಮಲಗಿದವರ ಕೈಗೆ ಸಿಗುತ್ತದಾ ನೋಡಿ. ಹೆಚ್ಚಿನ ಕಡೆ ಅದು ಗೋಡೆ ಮೇಲೆ ಇರುತ್ತದೆ. ರಾತ್ರಿ ಎಷ್ಟು ಜನ ಮಲಗುವವರಿಗೆ ಎಷ್ಟು ಸಿಬ್ಬಂದಿ ಅಂತ ಕೇಳಿ. ಉತ್ತರ ಹೇಳಲು ತಡವರಿಸಿದರೆ ಅದೇ ಉತ್ತರ.

ಕರಾರಿನಲ್ಲಿ ಇವು ಬರಹದಲ್ಲಿ ಇರಲಿ. ತಿಂಗಳ ಮೊತ್ತದಲ್ಲಿ ಏನು ಸೇರಿದೆ, ಯಾವುದಕ್ಕೆ ಬೇರೆ ಬಿಲ್? ಆರೈಕೆ ಜಾಸ್ತಿ ಬೇಕಾದರೆ ದರ ಏರಿಸುವುದು ಯಾರ ತೀರ್ಮಾನ? ಆಸ್ಪತ್ರೆಗೆ ಸೇರಿದಾಗ ಹಾಸಿಗೆ ಉಳಿಸಿಕೊಳ್ಳಲು ಎಷ್ಟು ಕೊಡಬೇಕು? ಬಿಟ್ಟು ಹೋದರೆ, ತೀರಿಕೊಂಡರೆ ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್? ಮರೆವು ಜೋರಾದವರನ್ನು ಇಟ್ಟುಕೊಳ್ಳುತ್ತಾರಾ, ಬೇರೆ ಕಡೆ ಹೋಗಿ ಅನ್ನುತ್ತಾರಾ? ಕೊನೆಯದು ನಿಮ್ಮ ಮನೆಗೆ ಬಹಳ ಮುಖ್ಯ, ಅಪ್ಪ ಅಮ್ಮ ಇಬ್ಬರೂ ಒಂದೇ ಕಡೆ ಇರಬೇಕು ಅಂತಿದ್ದರೆ.

ಕಣ್ಣಿಡುವ ಗಂಟೆ ವಾರವಿಡೀ ತುಂಬುವ ಸ್ಥಿತಿ ಬಂದಾಗ ಮನೆಗಿಂತ ಕೇಂದ್ರವೇ ಕಡಿಮೆ ಬೀಳಬಹುದು. ಅಲ್ಲಿ ಒಬ್ಬರ ಕಣ್ಣು ಹಲವರ ಮೇಲೆ ಇರುತ್ತದೆ, ಖರ್ಚು ಹಂಚಿಹೋಗುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಸಾಕು ಅನ್ನುವವರಿಗೆ ಮನೆಯೇ ಕಡಿಮೆ. ನಿಮ್ಮ ನೋಟ್‌ಬುಕ್ ಸದ್ಯಕ್ಕೆ ಎರಡನೆಯದನ್ನು ಹೇಳುತ್ತಿದೆ.

---

ಹಿರಿಮಗಳು:

ತಮ್ಮ ತಂಗಿ ಇಬ್ಬರಿಗೂ ಈ ಚರ್ಚೆಯ ಕೊಂಡಿ ಕಳಿಸಿದೆ. ತಂಗಿ ರಾತ್ರಿ ಫೋನ್ ಮಾಡಿ ಕೆಲಸ ಬಿಡುವ ಮಾತು ವಾಪಸ್ ತೆಗೆದುಕೊಂಡಳು. ಏಜೆನ್ಸಿ ಜೊತೆ ಮಾತಾಡುವುದು ಇನ್ನು ತಮ್ಮನ ಜವಾಬ್ದಾರಿ. ಬೆಳಿಗ್ಗೆ ಮೂರು ಗಂಟೆ ಅಟೆಂಡರ್, ದಿನ ಬಿಟ್ಟು ದಿನ ಫಿಸಿಯೋ, ಮೂರು ತಿಂಗಳಿಗೆ ಮಾತ್ರ ಅಂತ ಸದ್ಯಕ್ಕೆ ತೀರ್ಮಾನ. 47ನೇ ತಿಂಗಳ ಲೆಕ್ಕವನ್ನು ನಮ್ಮ ಅಂಕಿ ಹಾಕಿ ಮಾಡಲು ಅವನಿಗೇ ಕೊಟ್ಟಿದ್ದೇನೆ.

ರಾತ್ರಿ ಏಳುವುದಕ್ಕೆ ಏನಾದರೂ ದಾರಿ ಇದೆಯಾ ಸಿಸ್ಟರ್? ಸಂಜೆ ಮೇಲೆ ನೀರು ಕೊಡಬೇಡಿ ಅಂತ ಒಬ್ಬರು ಹೇಳಿದರು.

---

ವಾರ್ಡ್_ಸಿಸ್ಟರ್:

ನೀರು ನಿಲ್ಲಿಸಬೇಡಿ. ದಿನದ ಒಟ್ಟು ನೀರು ಕಡಿಮೆ ಆದರೆ ಮಲಬದ್ಧತೆ, ಮೂತ್ರದ ಸೋಂಕು ಎರಡೂ ಬರುತ್ತವೆ. ಹೃದಯಕ್ಕೋ ಕಿಡ್ನಿಗೋ ಅಂತ ಡಾಕ್ಟರು ಮಿತಿ ಹಾಕಿಲ್ಲದಿದ್ದರೆ ಹೆಚ್ಚಿನ ಪಾಲನ್ನು ಬೆಳಿಗ್ಗೆ ಮಧ್ಯಾಹ್ನ ಕೊಟ್ಟು, ಮಲಗುವ ಎರಡು ಗಂಟೆ ಮುಂಚಿನಿಂದ ಕಡಿಮೆ ಮಾಡಿ. ಮೂತ್ರ ಹೋಗುವ ಬಿಪಿ ಮಾತ್ರೆ ಇದ್ದರೆ ಅದನ್ನು ಬೆಳಿಗ್ಗೆಗೆ ಬದಲಿಸಬಹುದಾ ಡಾಕ್ಟರನ್ನೇ ಕೇಳಿ, ನೀವೇ ಬದಲಿಸಬೇಡಿ.

ಒಂದು ಕಮೋಡ್ ಕುರ್ಚಿ ತಂದು ಹಾಸಿಗೆ ಪಕ್ಕದಲ್ಲೇ, ಅಮ್ಮನ ಎಡಗಡೆ ಇಡಿ. ಗಾಲಿ ಇಲ್ಲದ್ದು ತನ್ನಿ, ಇದ್ದರೆ ಲಾಕ್ ಸರಿ ಇದೆಯಾ ಒತ್ತಿ ನೋಡಿ. ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಬಾತ್‌ರೂಮಿನವರೆಗೆ ನಡೆಸುವುದು ಹಗಲಿನಲ್ಲಿ ಮಾತ್ರ ಇರಲಿ, ಅದು ವ್ಯಾಯಾಮ ಆಯಿತು. ಗುಂಡಿ ಒತ್ತಿದರೆ ನಿಮ್ಮ ಕೋಣೆಯಲ್ಲಿ ಸದ್ದಾಗುವ ಬೆಲ್ ಸಿಗುತ್ತದೆ, ಅದರ ಗುಂಡಿಯನ್ನು ಅಮ್ಮನ ಎಡಗೈಗೆ ಸಿಗುವ ಹಾಗೆ ಕಟ್ಟಿ. ಇಷ್ಟಾದ ಮೇಲೂ ರಾತ್ರಿ ಎರಡು ಸಲಕ್ಕಿಂತ ಜಾಸ್ತಿ ಏಳಬೇಕಾದರೆ ಮೂತ್ರ ಪರೀಕ್ಷೆ ಮಾಡಿಸಿ. ಅದರಲ್ಲೂ ಏನೂ ಇಲ್ಲ ಅಂದರೆ ವಾರಕ್ಕೆ ಎರಡು ರಾತ್ರಿಗಾದರೂ ಒಬ್ಬರನ್ನು ಇಡಿ. ಆ ಖರ್ಚನ್ನು ಈಗಲೇ ತಮ್ಮನ ಲೆಕ್ಕದಲ್ಲಿ ಬರೆಸಿ.